ಸಹ್ಯಾದ್ರಿಯ ಸಮಸ್ತ ಮಂಗಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ: ಸೊರಬದಿಂದ ವಯನಾಡಿನವರೆಗೆ ವಾಸವಾಗಿರುವ ಸಮಸ್ತ ಮುಸುವ ಹಾಗೂ ಕೋಡಗ ವರ್ಗ
ವಿಷಯ: ಸಾಯುವಾಗ ಪಾಲಿಸಬೇಕಾದ ಶಿಸ್ತು

ಪಶ್ಚಿಮ ಘಟ್ಟದ ಕಾಡಿನಲ್ಲಿ ಮಂಗನ ಕಾಯಿಲೆಯ ವೈರಾಣು ಯಾವ ಮೂಲೆಯಲ್ಲಿ ಎದ್ದಿದೆ ಎಂದು ಊರಿಗೆ ಮೊದಲು ತಿಳಿಸುವುದು ಮಂಗದ ಹೆಣ. ಈ ಏರ್ಪಾಡು 1957ರಿಂದ ಜಾರಿಯಲ್ಲಿದೆ. ಆ ವರ್ಷ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಮರದಿಂದ ಉದುರತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ದಕ್ಷಿಣ ಅಮೆರಿಕದಲ್ಲಿ ಮಂಗಗಳು ಹೀಗೆ ಸತ್ತರೆ ಅದು ಹಳದಿ ಜ್ವರದ ಮುನ್ಸೂಚನೆ. ಹಾಗಾಗಿ ಆ ಜ್ವರವೇ ಇಲ್ಲಿಗೂ ಬಂದಿತೇ ಎಂಬುದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರ ಮೊದಲ ಶಂಕೆ. ಕಾಯಿಲೆ ಬಿದ್ದ ಮುಸುವದಿಂದ ವೈರಾಣುವನ್ನು ಬೇರ್ಪಡಿಸಿ ನೋಡಿದಾಗ ಅದು ಹೊಸದೆಂದೂ ರಷ್ಯಾದ ಕಾಡುಗಳ ಉಣುಗು ಜ್ವರಕ್ಕೆ ಹತ್ತಿರದ ನೆಂಟನೆಂದೂ ಗೊತ್ತಾಯಿತು. ಕೀರ್ತಿ ವಿಜ್ಞಾನಿಗಳಿಗೆ ಸಂದಿತು, ಊರಿನ ಹೆಸರು ವೈರಾಣುವಿಗೆ ಅಂಟಿತು, ಅಪವಾದ ಮಾತ್ರ ಮಂಗದ ಪಾಲಿಗೆ ಉಳಿಯಿತು.

ಕನ್ನಡದಲ್ಲಿ ಮಂಗಕ್ಕೆ ಇಂಥ ಅಪವಾದ ಹೊಸದಲ್ಲ. ಮಕ್ಕಳ ಕೆನ್ನೆ ಊದಿದರೆ ಮಂಗನ ಬಾವು. ಅದರಲ್ಲಿ ಮಂಗದ ಕೈವಾಡ ಏನೂ ಇಲ್ಲ. ಮಂಗನ ಕಾಯಿಲೆಯಲ್ಲಿ ಇರುವ ಪಾತ್ರವೂ ಮೊದಲ ಬಲಿಯದು. ವೈರಾಣು ಇಲಿ, ಮೂಗಿಲಿ, ಅಳಿಲುಗಳ ಮತ್ತು ಉಣುಗುಗಳ ನಡುವೆ ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಸೋಂಕಿದ ಉಣುಗು ಮಂಗವನ್ನು ಕಚ್ಚಿದರೆ ಅದರ ರಕ್ತದಲ್ಲಿ ವೈರಾಣು ವಿಪರೀತ ಹೆಚ್ಚುತ್ತದೆ. ಆ ರಕ್ತ ಹೀರಿದ ಬೇರೆ ಉಣುಗುಗಳಿಗೂ ಸೋಂಕು ಹತ್ತುತ್ತದೆ. ಮಂಗ ಸತ್ತು ಮೈ ತಣ್ಣಗಾದ ಮೇಲೆ ಅವೆಲ್ಲ ಇಳಿದು ತರಗೆಲೆಯಲ್ಲಿ ಹರಡಿಕೊಳ್ಳುತ್ತವೆ. ಸೌದೆಗೆ, ಸೊಪ್ಪಿಗೆ, ಕೊಟ್ಟಿಗೆಗೆ ಹಾಸುವ ತರಗೆಲೆಗೆ ಹೋದವರ ಕಾಲಿಗೆ ಹತ್ತುವುದು ಕಣ್ಣಿಗೆ ಬೀಳುವುದೇ ಕಷ್ಟವಾದ ಮರಿ ಉಣುಗು. ವಾರದೊಳಗೆ ಜ್ವರ, ತಲೆನೋವು, ಸಹಿಸಲಾಗದ ಮೈಕೈ ನೋವು, ಕೆಲವರಿಗೆ ರಕ್ತಸ್ರಾವ, ಇನ್ನು ಕೆಲವರಿಗೆ ಬಿಟ್ಟ ಜ್ವರ ಮಿದುಳಿನ ತೊಂದರೆಯನ್ನು ಜೊತೆಗಿಟ್ಟುಕೊಂಡು ಮರಳುತ್ತದೆ. ನೂರು ರೋಗಿಗಳಲ್ಲಿ 3ರಿಂದ 5 ಮಂದಿ ಉಳಿಯುವುದಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಇದು ದಾಟುವುದಿಲ್ಲವೆಂಬುದೊಂದೇ ಸಮಾಧಾನ.

ಇಂಥ ಮಹತ್ವದ ಹುದ್ದೆಯಲ್ಲಿರುವ ಮಂಗಗಳು ಸಾಯುವಾಗ ತೋರುವ ಬೇಜವಾಬ್ದಾರಿಯನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಎಷ್ಟೋ ಮಂಗಗಳು ಮೊಬೈಲಿಗೆ ಸಿಗ್ನಲ್ ಸಿಗದ ದಟ್ಟ ಕಾಡಿನಲ್ಲಿ ಸಾಯುತ್ತವೆ. ಅಲ್ಲಿ ಹೆಣವನ್ನು ಮೊದಲು ಕಾಣುವುದು ಕಾಡುಹಂದಿ. ಅದು ವರದಿ ಸಲ್ಲಿಸುವುದಿಲ್ಲ, ಸಾಕ್ಷ್ಯವನ್ನೂ ಉಳಿಸುವುದಿಲ್ಲ. ಆದ್ದರಿಂದ ಸಾಯುವ ಮಂಗ ರಸ್ತೆಯ ಬದಿಯನ್ನೋ ಅಡಿಕೆ ತೋಟದ ಬೇಲಿಯನ್ನೋ ಆರಿಸಿಕೊಳ್ಳತಕ್ಕದ್ದು. ಬೆಳಗಿನ ಹೊತ್ತಾದರೆ ಇನ್ನೂ ಅನುಕೂಲ. ಎರಡನೇ ಶನಿವಾರ ಮತ್ತು ಅದರ ಬೆನ್ನಿಗಿರುವ ಭಾನುವಾರವನ್ನು ತಪ್ಪಿಸತಕ್ಕದ್ದು. ಕಾಯಿಲೆಯ ಕಾಲವಾದ ಡಿಸೆಂಬರಿನಿಂದ ಮೇವರೆಗಿನ ಬಿಸಿಲಿನಲ್ಲಿ ಸೋಮವಾರದವರೆಗೆ ಕಾದ ಹೆಣದಿಂದ ಪ್ರಯೋಗಾಲಯಕ್ಕೆ ಕಳಿಸಲು ಯೋಗ್ಯವಾದ ಮಿದುಳಾಗಲಿ ಯಕೃತ್ತಾಗಲಿ ಸಿಗುವುದಿಲ್ಲ. ಬಿದ್ದ ಜಾಗ ಕಂದಾಯ ಭೂಮಿಯೋ ಮೀಸಲು ಅರಣ್ಯವೋ ಎಂಬುದನ್ನೂ ಮಂಗ ಮೊದಲೇ ಖಾತ್ರಿ ಮಾಡಿಕೊಂಡಿರಬೇಕು. ಮಂಗ ಅರಣ್ಯ ಇಲಾಖೆಗೆ ಸೇರಿದ್ದು, ಮರಣೋತ್ತರ ಪರೀಕ್ಷೆ ಪಶುವೈದ್ಯರಿಗೆ, ಜ್ವರ ಆರೋಗ್ಯ ಇಲಾಖೆಗೆ. ಉಣುಗು ಯಾರಿಗೆ ಸೇರಿದ್ದೆಂಬ ಕಡತ ಚಲನೆಯಲ್ಲಿದೆ.

ವಿದ್ಯುತ್ ತಂತಿಗೆ ಸಿಕ್ಕಿಯೋ ಲಾರಿಯ ಅಡಿಗೆ ಬಿದ್ದೋ ಸಾಯುವ ಮಂಗಗಳು ಲೆಕ್ಕವನ್ನು ಕಲಸಿಬಿಡುತ್ತವೆ. ಇದಲ್ಲದೆ ಹನುಮನ ವಂಶವೆಂದು ಊರವರು ಹೆಣಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವು ಏರಿಸಿ, ಮೆರವಣಿಗೆ ಮಾಡಿ ಮಣ್ಣು ಮಾಡುವುದುಂಟು. ಅಂಥ ಮೆರವಣಿಗೆಯಲ್ಲಿ ಹೆಗಲು ಕೊಟ್ಟವರು, ಹಾರ ಹಾಕಿದವರು ಎಂಬ ಭೇದವನ್ನು ಉಣುಗು ಎಣಿಸುವುದಿಲ್ಲ.

ಹೆಣ ಸಕಾಲಕ್ಕೆ ಸಿಕ್ಕಿತೆನ್ನಿ. ಅದರ ಸುತ್ತ ಸುಮಾರು 50 ಮೀಟರ್ ನೆಲಕ್ಕೆ ಮೆಲಾಥಿಯಾನ್ ಕೀಟನಾಶಕದ ಪುಡಿ ಎರಚಲಾಗುತ್ತದೆ, ಮಾದರಿ ತೆಗೆದು ಹೆಣ ಸುಡಲಾಗುತ್ತದೆ, ಆ ಕಡೆ ಹೋಗಬೇಡಿರೆಂದು ಊರಿಗೆ ಹೇಳಲಾಗುತ್ತದೆ. ಹೋಗಲೇಬೇಕಾದವರಿಗೆ ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳಲು ಮೊದಲು ಡಿಎಂಪಿ ಎಣ್ಣೆ ಕೊಡಲಾಗುತ್ತಿತ್ತು, ಈಗ ಡೆಪಾ ಎಣ್ಣೆ. ಸೌದೆಗೆ ಬದಲಿ, ಸೊಪ್ಪಿಗೆ ಬದಲಿ ಏನೆಂಬುದನ್ನು ಬಾಟಲಿಯ ಮೇಲೆ ಬರೆದಿರುವುದಿಲ್ಲ. 50 ಮೀಟರಿನ ಲೆಕ್ಕ ಮಂಗ ಜ್ವರ ಬಂದ ಮೇಲೆ ಒಂದೇ ಮರದಲ್ಲಿ ಕೂತಿತ್ತೆಂದು ನಂಬುತ್ತದೆ. ಮಂಗ ಅಷ್ಟರಲ್ಲಿ ಎಷ್ಟು ಮರ ಹಾರಿತ್ತು, ದಾರಿಯಲ್ಲಿ ಎಷ್ಟು ಉಣುಗು ಉದುರಿಸಿತ್ತು ಎಂಬುದನ್ನು ಹೆಣವನ್ನು ಕೇಳಿ ಪ್ರಯೋಜನವಿಲ್ಲ.

ಬದುಕಿರುವ ಮಂಗಗಳ ಮೇಲೆ ಕಣ್ಣಿಡುವ ವಿದ್ಯೆ ಜಗತ್ತಿಗೆ ತಿಳಿಯದ್ದೇನಲ್ಲ. ಉಗಾಂಡಾದ ಜೀಕಾ ಕಾಡಿನಲ್ಲಿ ಹಳದಿ ಜ್ವರ ಹುಡುಕುತ್ತಿದ್ದವರು ರೀಸಸ್ ಕೋತಿಯೊಂದನ್ನು ಪಂಜರದಲ್ಲಿಟ್ಟು ಕಾವಲಿಗೆ ಕೂರಿಸಿದ್ದರು. 1947ರಲ್ಲಿ ಅದಕ್ಕೆ ಜ್ವರ ಬಂದು ಜೀಕಾ ವೈರಾಣು ಬೆಳಕಿಗೆ ಬಂತು. ಮಲೆನಾಡಿನಲ್ಲೂ ಬಿಳಿ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆದು ಉಣುಗು ಹಿಡಿದು ಪರೀಕ್ಷಿಸುವ ಕ್ರಮವಿದೆ. ಕಾಡಿನ ಮಂಗ ಹಿಡಿದು ರಕ್ತ ತೆಗೆದರೆ ಹಿಂದೆ ಸೋಂಕು ಬಂದು ಬದುಕಿದವು ಯಾವುವೆಂದು ತಿಳಿಯಬಹುದು. ಅದಕ್ಕೆ 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿ, ನುರಿತ ಕೈ, ಸುರಕ್ಷಿತ ಪ್ರಯೋಗಾಲಯ, ಹಣ ಬೇಕು. ಸತ್ತ ಮಂಗಕ್ಕೆ ಇವುಗಳಲ್ಲಿ ಅರ್ಧ ಸಾಕು.

ಬ್ರೆಜಿಲ್‌ನಲ್ಲಿ 2016ರ ಕೊನೆಯಿಂದ 2018ರವರೆಗೆ ಹಳದಿ ಜ್ವರಕ್ಕೆ ಹೌಲರ್ ಮಂಗಗಳು ರಾಶಿಯಾಗಿ ಸತ್ತು ಎಚ್ಚರಿಕೆ ಕೊಟ್ಟಾಗ, ಜ್ವರ ಹರಡುವುದು ಅವೇ ಎಂದು ಹೆದರಿದ ಜನ ಉಳಿದ ಮಂಗಗಳನ್ನು ಹೊಡೆದು ಕೊಂದರು. ಹರಡುತ್ತಿದ್ದುದು ಸೊಳ್ಳೆ. ಅಲ್ಲಿಯ ಮಂಗಗಳಿಗೆ ಹೋಲಿಸಿದರೆ ಇಲ್ಲಿಯವುಗಳ ಸೇವಾ ಷರತ್ತು ಉದಾರವೆಂದೇ ಹೇಳಬೇಕು.

ಬಹುಕಾಲ ಈ ಕಾಯಿಲೆ ಕರ್ನಾಟಕದ ಐದು ಜಿಲ್ಲೆಗಳದೆಂದು ಪುಸ್ತಕಗಳಲ್ಲಿ ಬರೆದಿತ್ತು. 2012ರಲ್ಲಿ ಬಂಡೀಪುರದ ಮಂಗಗಳು ಆ ಪುಸ್ತಕ ಓದದೆ ಸತ್ತವು. ಬಳಿಕ ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. ಅಲ್ಲೆಲ್ಲ ವೈರಾಣು ಹೊಸದಾಗಿ ಹೋಯಿತೋ, ಮೊದಲೇ ಇದ್ದದ್ದನ್ನು ಯಾರೂ ಹುಡುಕಿರಲಿಲ್ಲವೋ ಎಂಬ ಪ್ರಶ್ನೆಗೆ ಹೆಣಗಳಿಂದ ಮಾತ್ರ ಉತ್ತರ ಸಿಗದು. ಮಂಗ ಸತ್ತ ಸುದ್ದಿಯೇ ಇಲ್ಲದ ಊರಿನಲ್ಲಿ ಮನುಷ್ಯರಿಗೆ ಜ್ವರ ಬಂದದ್ದೂ ಉಂಟು. ಆಗ ಮುನ್ಸೂಚನೆ ಕೊಡುವ ಕೆಲಸ ಮೊದಲ ರೋಗಿಯ ಪಾಲಿಗೆ ಬರುತ್ತದೆ.

1990ರಿಂದ ಜನರಿಗೆ ಹಾಕುತ್ತಿದ್ದ ಲಸಿಕೆ ಎರಡು ಡೋಸಿಗೆ ಸುಮಾರು ಶೇ 62, ಬೂಸ್ಟರ್ ಸೇರಿದರೆ ಸುಮಾರು ಶೇ 83ರಷ್ಟು ರಕ್ಷಣೆ ಕೊಟ್ಟಿತೆಂದು 2005–10ರ ಮಾಹಿತಿ ಹೇಳುತ್ತದೆ. 2022ರಲ್ಲಿ ಅದು ನಿಂತಿತು. ಹೊಸದರ ಕೆಲಸ ನಡೆದಿದೆ. ಅದು ಬರುವವರೆಗೆ ಮಂಗಗಳ ಸೇವೆಯನ್ನು ಈಗಿನ ಷರತ್ತುಗಳ ಮೇಲೆಯೇ ಮುಂದುವರಿಸಲಾಗಿದೆ.

ಪ್ರತಿ: ಉಣುಗುಗಳಿಗೆ, ಮಾಹಿತಿಗಾಗಿ.
ಪ್ರತಿ: ಕಾಡುಹಂದಿಗಳಿಗೆ, ಹೆಣವನ್ನು ಸೋಮವಾರದವರೆಗೆ ಮುಟ್ಟದಿರುವಂತೆ ಕೋರಿ.