ಕಿವಿಯಿಂದ ಓದುವ ಸ್ಪರ್ಧಾರ್ಥಿ

ಪಾಡ್‌ಕಾಸ್ಟ್ ಕೇಳುವ ಸ್ಪರ್ಧಾರ್ಥಿ ಎಂದರೆ ಪದವಿ ಮುಗಿಸಿ, ಸರ್ಕಾರಿ ನೌಕರಿಯ ಪರೀಕ್ಷೆಗೆ ಅರ್ಜಿ ಹಾಕಿ, ಪುಸ್ತಕ ತೆರೆಯುವ ಮೊದಲು ಇಯರ್‌ಫೋನ್ ಹುಡುಕುವ ವ್ಯಕ್ತಿ. ವಯಸ್ಸು ಇಪ್ಪತ್ತೆರಡರಿಂದ ಶುರುವಾಗುತ್ತದೆ. ವಯೋಮಿತಿ ಸಡಿಲಿಸಿದ ಸುದ್ದಿ ಬಂದಷ್ಟೂ ಮೇಲಕ್ಕೇರುತ್ತದೆ. ಈ ಜಾತಿ ದಟ್ಟವಾಗಿ ಕಾಣಸಿಗುವುದು ಬೆಂಗಳೂರಿನ ವಿಜಯನಗರ, ಚಂದ್ರಾ ಲೇಔಟ್ ಮತ್ತು ಧಾರವಾಡದ ಸಪ್ತಾಪುರದಲ್ಲಿ. ಇಲ್ಲಿಯ ವಿವರಣೆ ಸಪ್ತಾಪುರದ ಮಾದರಿಯದು. ಕೋಚಿಂಗ್ ಸೆಂಟರ್, ಝೆರಾಕ್ಸ್ ಅಂಗಡಿ, ರೀಡಿಂಗ್ ರೂಮ್, ಖಾನಾವಳಿ ಇವೆಲ್ಲ ಕೂಗಳತೆಯಲ್ಲೇ ಇರುವುದರಿಂದ ಬದುಕಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತದೆ, ನೌಕರಿಯೊಂದನ್ನು ಬಿಟ್ಟು.

ಗುರುತಿಸುವುದು ಸುಲಭ. ಒಂದು ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ಇನ್ನೊಂದು ಕಿವಿ ಚಹಾದಂಗಡಿಯಲ್ಲಿ ಯಾರಾದರೂ "ನೋಟಿಫಿಕೇಶನ್ ಬಂತಂತ" ಎಂದಾರೆಂದು ಖಾಲಿ ಬಿಟ್ಟದ್ದು. ಊರಿನಿಂದ ತಾಯಿಯ ಫೋನ್ ಬಂದಾಗ ನಡೆಯುವ ಮಾತುಕತೆ ಎಲ್ಲರದೂ ಒಂದೇ.

"ಏನ್ ಮಾಡಾಕತ್ತಿ ತಮ್ಮಾ? ಓದಾಕತ್ತಿಯೋ ಇಲ್ಲೋ?"

"ಕೇಳಾಕತ್ತೀನಿ ಯವ್ವಾ."

"ನಾ ಹೇಳೂದು ಕೇಳಾಕತ್ತಿ, ಅದು ಗೊತ್ತೈತಿ. ಓದೂದು ಯಾವಾಗ?"

ಕೇಳಿ ಕಲಿಯುವುದು ಈ ನಾಡಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಖಾಸಗಿಯಾಗಿ ಬಾನುಲಿ ಕೇಂದ್ರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದವರು. ಧಾರವಾಡದ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯಿತು. ಮುಂದೆ ಶಾಲೆಯ ಮಕ್ಕಳಿಗಾಗಿ 'ಕೇಳಿ ಕಲಿ' ಎಂಬ ಬಾನುಲಿ ಪಾಠಗಳೂ ಬಂದವು. ಬಾನುಲಿಯ ಪಾಠ ಯಾರಿಗೂ ಕಾಯುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಕೂತವರಿಗೆ ಸಿಕ್ಕಿತು, ಉಳಿದವರಿಗೆ ಹೋಯಿತು. ಪಾಡ್‌ಕಾಸ್ಟ್ ಕಾಯುತ್ತದೆ. ಎಷ್ಟು ದಿನ ಬೇಕಾದರೂ ಕಾಯುತ್ತದೆಂದು ತಿಳಿದಿರುವುದರಿಂದ ಸ್ಪರ್ಧಾರ್ಥಿಯೂ ಅದನ್ನು ಧಾರಾಳವಾಗಿ ಕಾಯಿಸುತ್ತಾನೆ.

ಸ್ಪರ್ಧಾರ್ಥಿಗಳನ್ನು ಒಳಪಂಗಡಗಳಾಗಿ ವಿಂಗಡಿಸುವ ಕ್ರಮ ಬಂದದ್ದು ನ್ಯೂಜಿಲೆಂಡಿನಿಂದ. ಅಲ್ಲಿ ಶಾಲಾ ತಪಾಸಣಾಧಿಕಾರಿಯಾಗಿದ್ದ ನೀಲ್ ಫ್ಲೆಮಿಂಗ್ ಅವರಿಗೆ ಒಂದು ಸೋಜಿಗವಿತ್ತು: ಬಲು ಚೆನ್ನಾಗಿ ಪಾಠ ಮಾಡುವವರೂ ಕೆಲವು ಮಕ್ಕಳನ್ನು ಮುಟ್ಟುವುದಿಲ್ಲ ಯಾಕೆ? ಅವರು 1987ರಲ್ಲಿ ರೂಪಿಸಿದ 'ವಾರ್ಕ್' ಪ್ರಶ್ನಾವಳಿ ಕಲಿಯುವವರನ್ನು ನಾಲ್ಕು ಪಾಲು ಮಾಡಿತು: ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮೈಕೈ ಆಡಿಸಿ ಕಲಿಯುವವರು. ವಿದ್ಯಾರ್ಥಿ ತನ್ನ ಕಲಿಕೆಯ ಬಗ್ಗೆ ತಾನೇ ನಾಲ್ಕು ಮಾತು ಯೋಚಿಸಲಿ ಎಂಬುದು ಅವರ ಆಸೆಯಾಗಿತ್ತು. ಸಪ್ತಾಪುರದಲ್ಲಿ ಈ ವಿಂಗಡಣೆ ಉಚಿತ ಡೆಮೊ ಕ್ಲಾಸಿನಲ್ಲಿ ಸಿಗುತ್ತದೆ. ಸಿಕ್ಕ ದಿನದಿಂದ ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳ ಜೊತೆಗೆ ಇದೂ ಒಂದು ಪ್ರಮಾಣಪತ್ರವಾಗಿ, ಮೀಸಲಾತಿ ಕೇಳುವ ಧಾಟಿಯಲ್ಲೇ ಬಳಕೆಯಾಗುತ್ತದೆ.

ಮೊದಲನೆಯವನು ಶ್ರವಣಪ್ರಿಯ. "ನಾ ಆಡಿಟರಿ ಲರ್ನರ್, ನನಗ ಪುಸ್ತಕ ಆಗಿ ಬರೂದಿಲ್ಲ" ಎಂಬುದು ಇವನ ಘೋಷಣೆ. ಪಾಠ ಕೇಳುವುದು ಮಲಗಿಕೊಂಡು, ದೀಪ ಆರಿಸಿ, ಕಣ್ಣು ಮುಚ್ಚಿ, ಏಕಾಗ್ರತೆಗಾಗಿ. ಸಂವಿಧಾನದ 12ನೇ ವಿಧಿಯಲ್ಲಿ ಏಕಾಗ್ರತೆ ಆರಂಭವಾಗುತ್ತದೆ. 51ಎ ವಿಧಿಯ ಮೂಲಭೂತ ಕರ್ತವ್ಯಗಳ ಹೊತ್ತಿಗೆ ಎಚ್ಚರವಾಗುತ್ತದೆ. ಅಂಬೇಡ್ಕರ್ ಅವರು ಸಂವಿಧಾನದ ಹೃದಯ, ಆತ್ಮ ಎಂದು ಕರೆದ 32ನೇ ವಿಧಿ ನಡುವೆ ನಿದ್ದೆಯ ಪಾಲಾಗಿರುತ್ತದೆ. ಹಾಗೆಂದು ಇವನಿಗೆ ಏನೂ ನೆನಪಿರುವುದಿಲ್ಲ ಎನ್ನಲಾಗದು. ಆರಂಭದ ಸಂಗೀತ, ನಡುವಿನ ಜಾಹೀರಾತು, ಮೇಷ್ಟ್ರು ಗಂಟಲು ಸರಿಪಡಿಸಿಕೊಳ್ಳುವ ರೀತಿ ಎಲ್ಲವೂ ಬಾಯಿಪಾಠ. ಪಾಠ ಹೇಗಿತ್ತು ಎಂದರೆ "ಸರ್ ಧ್ವನಿ ಭಾಳ ಮಸ್ತ್ ಐತಿ" ಎನ್ನುತ್ತಾನೆ.

ಎರಡನೆಯವನು ದೃಶ್ಯಪ್ರಿಯ. ಇವನಿಗೂ ಪಾಡ್‌ಕಾಸ್ಟಿಗೂ ಹುಟ್ಟಿನಿಂದಲೇ ವಿರಸ. ತಪ್ಪು ಪೂರ್ತಿ ಇವನದೂ ಅಲ್ಲ. ಪಾಡ್‌ಕಾಸ್ಟ್ ಎಂಬ ಹೆಸರಿನಲ್ಲಿ ಓಡಾಡುವ ಎಷ್ಟೋ ಪಾಠಗಳು ವಿಡಿಯೊದಿಂದ ದನಿಯನ್ನಷ್ಟೇ ಕಿತ್ತು ತೆಗೆದವು. "ಇಲ್ಲಿ ನೋಡ್ರಿ, ಈ ನೀಲಿ ಗೆರಿ ಐತಲ್ಲ, ಇದು ಮಲಪ್ರಭಾ" ಎಂದು ಮೇಷ್ಟ್ರು ಹೇಳುತ್ತಾರೆ. ಇವನು ಫೋನ್ ನೋಡುತ್ತಾನೆ. ಅಲ್ಲಿ ಕೋಚಿಂಗ್ ಸೆಂಟರಿನ ಲಾಂಛನವೊಂದೇ ಇರುತ್ತದೆ. ಆದ್ದರಿಂದ ನಕ್ಷೆ ತೆರೆಯುವುದು ಅನಿವಾರ್ಯ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ನದಿಯ ಮೂಲ ಸಿಗುತ್ತದೆ. ಕಣಕುಂಬಿಯ ಮೇಲೆ ಹಾದು ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಇಳಿಯುವ ರಸ್ತೆಯೂ ಕಾಣುತ್ತದೆ. ಪಾಠದಲ್ಲಿ ಮಲಪ್ರಭೆ ಕೂಡಲಸಂಗಮಕ್ಕೆ ಬಂದು ಕೃಷ್ಣೆಯನ್ನು ಸೇರುವ ಹೊತ್ತಿಗೆ ಇವನು ನಕ್ಷೆಯಲ್ಲಿ ಪಣಜಿ ಸೇರಿ, ರೂಮಿನ ಬಾಡಿಗೆ ವಿಚಾರಿಸುತ್ತಿರುತ್ತಾನೆ.

ಮೂರನೆಯವಳು ಬರಹಪ್ರಿಯೆ. ಲೇಡೀಸ್ ಪಿಜಿಯ ಕಿಟಕಿಯ ಪಕ್ಕ, ಆರು ಬಣ್ಣದ ಪೆನ್ನುಗಳೊಂದಿಗೆ ಕಾಣಸಿಗುತ್ತಾಳೆ. ಒಂದು ವಾಕ್ಯ ಕೇಳುವುದು, ನಿಲ್ಲಿಸುವುದು, ಬರೆಯುವುದು, ಸರಿಯಾಗಿ ಬರೆದೆನೋ ಇಲ್ಲವೋ ಎಂದು ಹಿಂದಕ್ಕೆ ಹೋಗಿ ಮತ್ತೆ ಕೇಳುವುದು. ಇಪ್ಪತ್ತು ನಿಮಿಷದ ಪಾಠ ಇವಳ ಬಳಿ ಊಟದ ಹೊತ್ತಿನವರೆಗೆ ಬಾಳುತ್ತದೆ. ಏನನ್ನೂ ಬಿಡುವ ಜಾಯಮಾನ ಇವಳದಲ್ಲ. "ನಮಸ್ಕಾರ ಸ್ನೇಹಿತರೇ, ಎಲ್ಲರೂ ಆರಾಮದೀರಲ್ಲ" ಎಂಬುದು ನೀಲಿ ಶಾಯಿಯಲ್ಲಿ, 73ನೇ ತಿದ್ದುಪಡಿ ಕೆಂಪು ಶಾಯಿಯಲ್ಲಿ, ಸಬ್‌ಸ್ಕ್ರೈಬ್ ಮಾಡಬೇಕೆಂಬ ಕೋರಿಕೆ ಹಸಿರಿನಲ್ಲಿ ಅಡಿಗೆರೆಯ ಸಮೇತ ದಾಖಲಾಗುತ್ತವೆ. ಈ ನೋಟ್ಸ್ ಝೆರಾಕ್ಸ್ ಅಂಗಡಿಯ ಮೂಲಕ ಇಡೀ ಓಣಿಗೆ ಹಂಚಿಕೆಯಾಗುತ್ತದೆ. ಅದನ್ನು ಓದಿ ಬೇರೆ ಯಾರಾದರೂ ಪಾಸಾಗುವುದುಂಟು. ಇವಳಿಗೆ ಓದಲು ಪುರುಸೊತ್ತಿರುವುದಿಲ್ಲ. ಮುಂದಿನ ಪಾಠ ಬರೆಯಬೇಕಾಗಿರುತ್ತದೆ.

ನಾಲ್ಕನೆಯವನು ಚಲನಪ್ರಿಯ. ಕೂತರೆ ಇವನ ತಲೆ ಓಡುವುದಿಲ್ಲ. ಬೆಳಗ್ಗೆ ಕರ್ನಾಟಕ ಕಾಲೇಜಿನ ಮೈದಾನ, ಸಂಜೆ ಕೆಲಗೇರಿ ಕೆರೆ. ಕಿವಿಯಲ್ಲಿ ಪಾಠ, ಕಾಲಲ್ಲಿ ಬೂಟು. ಇವನ ಜ್ಞಾನ ಜಾಗಕ್ಕೆ ಅಂಟಿಕೊಂಡಿರುತ್ತದೆ. ಐದು ರಿಟ್‌ಗಳಲ್ಲಿ ಹೇಬಿಯಸ್ ಕಾರ್ಪಸ್ ಗೇಟಿನ ಬಳಿ, ಮ್ಯಾಂಡಮಸ್ ಬೇವಿನ ಮರದ ಕೆಳಗೆ, ಪ್ರೊಹಿಬಿಷನ್ ಪಾನ್ ಅಂಗಡಿಯ ಎದುರು, ಸರ್ಷಿಯೊರರಿ ತಿರುವಿನಲ್ಲಿ. ಐದನೆಯದಾದ ಕೋ ವಾರಂಟೊ ಬರುವ ಹೊತ್ತಿಗೆ ಗಿರ್ಮಿಟ್ ಗಾಡಿ ಎದುರಾಗುವುದರಿಂದ ಅದು ಮಾತ್ರ ಪ್ರತಿ ಸಾರಿ ಮಿರ್ಚಿಯ ಜೊತೆಗೆ ಕರಗಿಹೋಗುತ್ತದೆ. ಪರೀಕ್ಷೆಯಲ್ಲಿ ಮೂರನೇ ರಿಟ್ ಯಾವುದೆಂದು ಕೇಳಿದರೆ ಇವನು ಎದ್ದು ಪಾನ್ ಅಂಗಡಿಯವರೆಗೆ ಹೋಗಿ ಬರಬೇಕು, ಮೇಲ್ವಿಚಾರಕರು ಬಿಡುವುದಿಲ್ಲ. ಪಿಎಸ್ಐ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಮಾತ್ರ ಇವನನ್ನು ಹಿಂದಿಕ್ಕಿದವರಿಲ್ಲ.

ಫ್ಲೆಮಿಂಗ್ ಅವರ ಪಟ್ಟಿಯಲ್ಲಿಲ್ಲದ ಇನ್ನಿಬ್ಬರು ಸಪ್ತಾಪುರದಲ್ಲಿ ಬೆಳೆದಿದ್ದಾರೆ. ಒಬ್ಬ ವೇಗಪ್ರಿಯ. ಪ್ರತಿ ಪಾಠವನ್ನೂ ಎರಡರಷ್ಟು ವೇಗದಲ್ಲಿ ಕೇಳುವವನು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇವನ ಬೆನ್ನಿಗಿದೆ: ಉಪನ್ಯಾಸದ ವಿಡಿಯೊಗಳನ್ನು ಎರಡರಷ್ಟು ವೇಗದಲ್ಲಿ ನೋಡಿದ ವಿದ್ಯಾರ್ಥಿಗಳ ಗ್ರಹಿಕೆ ಹೆಚ್ಚೇನೂ ಕುಗ್ಗಲಿಲ್ಲ, ಎರಡೂವರೆಗೆ ಏರಿಸಿದಾಗ ಕುಗ್ಗಿತು. ಆದರೆ ಆ ವಿದ್ಯಾರ್ಥಿಗಳು ಕೂತು ನೋಡಿದ್ದರು. ಇವನು ಸ್ನಾನದ ಸರದಿಯಲ್ಲಿ ಬಕೆಟ್ ಹಿಡಿದು ನಿಂತು ಕೇಳುತ್ತಾನೆ. ಧಾರವಾಡದ ಮೇಷ್ಟ್ರುಗಳ ಕನ್ನಡ ಮೊದಲೇ ಓಟದ್ದು. ಎರಡರಷ್ಟಾದಾಗ ವಿಷಯಕ್ಕಿಂತ ಮೊದಲು ವಂದನಾರ್ಪಣೆ ಬಂದಿರುತ್ತದೆ. ಉಳಿದ ಅರ್ಧ ಗಂಟೆಯಲ್ಲಿ ಇವನು ಎಷ್ಟು ಹೊತ್ತು ಉಳಿತಾಯವಾಯಿತೆಂದು ಗೆಳೆಯರಿಗೆ ವಿವರಿಸುತ್ತಾನೆ.

ಇನ್ನೊಬ್ಬ ಸಂಗ್ರಹಪ್ರಿಯ. ಇವನು ಕೇಳುವುದಿಲ್ಲ, ಇಳಿಸಿಕೊಳ್ಳುತ್ತಾನೆ. ಇತಿಹಾಸ, ಅರ್ಥಶಾಸ್ತ್ರ, ಪ್ರಚಲಿತ ವಿದ್ಯಮಾನ ಎಲ್ಲಕ್ಕೂ ಬೇರೆ ಬೇರೆ ಫೋಲ್ಡರ್. ಮೆಮೊರಿ ತುಂಬಿದಾಗ ಅಕ್ಕನ ಮದುವೆಯ ಫೋಟೊ ಅಳಿಸುತ್ತಾನೆಯೇ ಹೊರತು ಪಂಚವಾರ್ಷಿಕ ಯೋಜನೆಗಳನ್ನು ಮುಟ್ಟುವುದಿಲ್ಲ. 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ದೋಷಗಳಿಂದ ಗದ್ದಲವೆದ್ದು, ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ನಡುವೆ ನಾಲ್ಕು ತಿಂಗಳು ಸಿಕ್ಕವು. ಇಂಥ ಕಾಲಾವಕಾಶವನ್ನು ಈ ಪ್ರಭೇದ ಎಂದೂ ವ್ಯರ್ಥ ಮಾಡುವುದಿಲ್ಲ. ಇನ್ನೊಂದು ಮೆಮೊರಿ ಕಾರ್ಡ್ ಕೊಳ್ಳುತ್ತದೆ.

ಈ ಪ್ರಭೇದಗಳ ಬಗ್ಗೆ ಮನಶ್ಶಾಸ್ತ್ರ ಹೇಳುವ ಮಾತು ಅಷ್ಟು ಪ್ರೋತ್ಸಾಹಕರವಲ್ಲ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಸಂಗಡಿಗರು 2008ರಲ್ಲಿ ಅದುವರೆಗಿನ ಸಂಶೋಧನೆಗಳನ್ನು ಜಾಲಾಡಿ, ವಿದ್ಯಾರ್ಥಿಯ ಶೈಲಿಗೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದರು. 2015ರಲ್ಲಿ ಬೆತ್ ರೊಗೊವ್‌ಸ್ಕಿ ಮತ್ತು ಸಂಗಡಿಗರು ಧ್ವನಿಪುಸ್ತಕವನ್ನೂ ಅಚ್ಚಿನ ಪಠ್ಯವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ತಾವು ಕಿವಿಯವರೆಂದು ಹೇಳಿಕೊಂಡವರು ಕೇಳಿದ್ದರಿಂದ ವಿಶೇಷ ಲಾಭ ಪಡೆದದ್ದು ಕಾಣಲಿಲ್ಲ. ಜನರಿಗೆ ಇಷ್ಟಗಳಿವೆ, ಇಷ್ಟವಾದ ದಾರಿಯಲ್ಲೇ ವಿದ್ಯೆ ಬರುತ್ತದೆಂಬ ಭರವಸೆ ಇಲ್ಲ. ಈ ಸಂಗತಿ ತಿಳಿಸಿದರೆ ಶ್ರವಣಪ್ರಿಯ ಅದರ ಬಗ್ಗೆ ಪಾಡ್‌ಕಾಸ್ಟ್ ಇದೆಯೇ ಎಂದು ಕೇಳುತ್ತಾನೆ. ಬರಹಪ್ರಿಯೆ ಕೆಂಪು ಪೆನ್ನು ತೆಗೆಯುತ್ತಾಳೆ. ಸಂಗ್ರಹಪ್ರಿಯ ಹೊಸ ಫೋಲ್ಡರ್ ಮಾಡುತ್ತಾನೆ.

ಲಾಭವಾಗುವುದು ಇನ್ನೊಂದು ಕಡೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ 2006ರ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಸಣ್ಣ ಪಠ್ಯಗಳನ್ನು ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು, ಕೆಲವರು ಮುಚ್ಚಿಟ್ಟು ನೆನಪಿನಿಂದ ಬರೆದರು. ಐದು ನಿಮಿಷದ ಬಳಿಕ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ನೆನಪಿಸಿಕೊಂಡವರು ಮುಂದಾದರು. ಓದಿದವರಲ್ಲಿ ಹೆಚ್ಚಾಗಿದ್ದದ್ದು ಆತ್ಮವಿಶ್ವಾಸ. ಸಪ್ತಾಪುರದ ಪ್ರಭೇದಗಳೆಲ್ಲಕ್ಕೂ ಸಮಾನವಾದ ಸಂಪತ್ತೂ ಇದೇ.

ಆದ್ದರಿಂದ ಏಳನೆಯ, ಅಪರೂಪದ ಪ್ರಭೇದವೊಂದನ್ನು ಇಲ್ಲಿ ಹೇಳಲೇಬೇಕು. ಇದು ಸಪ್ತಾಪುರದಲ್ಲಿ ವಾಸಿಸುವುದಿಲ್ಲ. ಮದುವೆಯಾಗಿ, ಎರಡು ಮಕ್ಕಳಾದ ಮೇಲೆ ಪಿಡಿಒ ಪರೀಕ್ಷೆಗೆ ಕೂತ ಹಳ್ಳಿಯ ಸೊಸೆ ಈಕೆ. ಪಾಠ ಕೇಳುವುದು ಒಲೆಯ ಮುಂದೆ. ರೊಟ್ಟಿ ಬಡಿಯುವ ಸದ್ದಿನಲ್ಲಿ ಏನೂ ಕೇಳಿಸದಾದ್ದರಿಂದ, ಹಿಟ್ಟು ತಾಗದಂತೆ ಬೆರಳಿನ ಗೆಣ್ಣಿನಿಂದ ಒತ್ತಿ, ರೊಟ್ಟಿಗೊಮ್ಮೆ ಪಾಠ ನಿಲ್ಲಿಸುತ್ತಾಳೆ. ಬಡಿಯುತ್ತಾ ಈಗ ಕೇಳಿದ್ದೇನೆಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾಳೆ: ಸಂವಿಧಾನದ ಹನ್ನೊಂದನೇ ಅನುಸೂಚಿ, ಪಂಚಾಯಿತಿಯ 29 ವಿಷಯಗಳು, ಕೃಷಿ, ಸಣ್ಣ ನೀರಾವರಿ, ಕುಡಿಯುವ ನೀರು, ಉರುವಲು ಮತ್ತು ಮೇವು. ತಪ್ಪಿದರೆ ರೊಟ್ಟಿ ಬೇಯುವಷ್ಟರಲ್ಲಿ ಹಿಂದಕ್ಕೆ ಹೋಗಿ ಕೇಳುತ್ತಾಳೆ. ಪಡಸಾಲೆಯಿಂದ ಅತ್ತೆ ವಿಚಾರಿಸುತ್ತಾಳೆ:

"ಯಾರ ಜೋಡಿ ಮಾತಾಡಾಕತ್ತೀಯವಾ?"

"ಪಂಚಾಯ್ತಿ ಜೋಡಿ, ಅತ್ತಿ."

ಈಕೆಯ ಶೈಲಿ ಯಾವುದೆಂದು ಯಾರೂ ಕೇಳಿಲ್ಲ. ಡೆಮೊ ಕ್ಲಾಸಿಗೆ ಬಂದಿದ್ದರೆ ಗೊತ್ತಾಗುತ್ತಿತ್ತು.

ಪರೀಕ್ಷಾ ಕೊಠಡಿಯಲ್ಲಿ ಎಲ್ಲ ಪ್ರಭೇದಗಳಿಗೂ ಸಿಗುವುದು ಒಂದೇ ಬಗೆಯ ಒಎಂಆರ್ ಹಾಳೆ, ತಪ್ಪು ಉತ್ತರಕ್ಕೆ ಕಾಲುಭಾಗ ಅಂಕ ಕಳೆಯುವ ಒಂದೇ ನಿಯಮ. ಶ್ರವಣಪ್ರಿಯನಿಗೆ "ಇದು ಭಾಳ ಇಂಪಾರ್ಟೆಂಟ್, ಗ್ಯಾರಂಟಿ ಕೇಳ್ತಾರ" ಎಂಬ ಮೇಷ್ಟ್ರ ದನಿ ಸ್ಪಷ್ಟವಾಗಿ ಕೇಳಿಸುತ್ತದೆ. ಯಾವುದು ಎಂಬುದೊಂದು ಕೇಳಿಸುವುದಿಲ್ಲ. ಬರಹಪ್ರಿಯೆಗೆ ಉತ್ತರ ಎಡಪುಟದಲ್ಲಿ ಹಸಿರು ಶಾಯಿಯಲ್ಲಿದೆ ಎಂಬುದು ನೆನಪಾಗುತ್ತದೆ. ವೇಗಪ್ರಿಯ ಎಲ್ಲರಿಗಿಂತ ಮುಂಚೆ ಮುಗಿಸುತ್ತಾನೆ. ಕಿವಿಯನ್ನೇ ನಂಬಿ ಕೊಠಡಿಯ ಒಳಗೂ ಕೇಳಲು ಹೋದ ಉದಾಹರಣೆಗಳಿವೆ: 2023ರ ಅಕ್ಟೋಬರ್‌ನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿ ಕಡೆ ಬ್ಲೂಟೂತ್ ಸಾಧನಗಳು ಸಿಕ್ಕಿಬಿದ್ದವು. ಅದನ್ನು ಕಲಿಕೆಯ ಶೈಲಿ ಎಂದು ಪೊಲೀಸರು ಒಪ್ಪಲಿಲ್ಲ. ಆಮೇಲಿನ ವಸ್ತ್ರಸಂಹಿತೆಯಲ್ಲಿ ತುಂಬುತೋಳಿನ ಅಂಗಿ, ಬೂಟುಗಳ ಜೊತೆಗೆ ಕಿವಿ ಮುಚ್ಚುವ ಬಟ್ಟೆಗೂ ನಿಷೇಧ ಬಂತು.

ಫಲಿತಾಂಶದ ನಂತರ ಈ ಜಾತಿ ಮೂರು ದಾರಿ ಹಿಡಿಯುತ್ತದೆ. ಆಯ್ಕೆಯಾದವರು ಇಯರ್‌ಫೋನ್ ಬಿಡುತ್ತಾರೆ. ಕಚೇರಿಯ ಕುರ್ಚಿಯಲ್ಲಿ ಕೂತ ಮೇಲೆ ಯಾರ ಮಾತನ್ನೂ ಕೇಳುವ ಅಗತ್ಯ ಬೀಳುವುದಿಲ್ಲ. ಆಯ್ಕೆಯಾಗದವರಲ್ಲಿ ಹೆಚ್ಚಿನವರು ಮುಂದಿನ ಅಧಿಸೂಚನೆಯವರೆಗೆ ಶೈಲಿ ಬದಲಿಸಿ ನೋಡುತ್ತಾರೆ: ಮಲಗಿದ್ದವರು ನಡೆಯುತ್ತಾರೆ, ನಡೆಯುತ್ತಿದ್ದವರು ಪೆನ್ನು ಕೊಳ್ಳುತ್ತಾರೆ. ವಯೋಮಿತಿ ಪೂರ್ತಿ ದಾಟಿದವರು ಒಳ್ಳೆಯ ಮೈಕ್ ಒಂದನ್ನು ತರಿಸಿ, ಮೊದಲ ಪ್ರಯತ್ನದಲ್ಲೇ ಪರೀಕ್ಷೆ ಗೆಲ್ಲುವುದು ಹೇಗೆಂದು ಪಾಡ್‌ಕಾಸ್ಟ್ ಶುರು ಮಾಡುತ್ತಾರೆ. ಕೇಳುಗರಿಗೆ ಕೊರತೆಯಿಲ್ಲ.