ಹಾಲಕ್ಕಿ ಛಾಯಾಗ್ರಹಣಾಧಿಕರಣ: ಸಂಶಿ ಪಾಠ

ವಿಷಯ: ಕುಂದಗೋಳ ತಾಲ್ಲೂಕಿನ ಸಂಶಿ ಸೀಮೆಯ ಎರಿ ಹೊಲ. ಬದುವಿನಲ್ಲೊಂದು ಬೇವಿನ ಮರ. ಪೊಟರೆಯ ಬಾಯಲ್ಲಿ ಗೇಣುದ್ದದ, ಅಂದರೆ 21 ಸೆಂಟಿಮೀಟರಿನ ಹಾಲಕ್ಕಿ. ಕೆಳಗೆ, ಮೂಡಣಕ್ಕೆ ಬೆನ್ನು ಕೊಟ್ಟು, 400 ಎಂಎಂ ಲೆನ್ಸು ಹಿಡಿದ ಹುಬ್ಬಳ್ಳಿಯವ. ಟೆಮ್ಮಿಂಕ್ ಎಂಬ ಡಚ್ ಪಂಡಿತ 1821ರಲ್ಲೇ ಈ ಚುಕ್ಕೆ ಗೂಬೆಗೆ ಲ್ಯಾಟಿನ್ ನಾಮಕರಣ ಮಾಡಿದ್ದಾನೆ. ಸುದ್ದಿ ಹಕ್ಕಿಗೆ ಇನ್ನೂ ಮುಟ್ಟಿಲ್ಲ.

ಸಂಶಯ: ಇಲ್ಲಿ ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು?

ಪೂರ್ವಪಕ್ಷ: ಕ್ಯಾಮೆರಾ ಉಳ್ಳವನೇ ನೋಡುವವನು. ಇದಕ್ಕೆ ಮೂರು ಯುಕ್ತಿ. ಒಂದು: ಕೈಯಲ್ಲಿ ಹಿಡಿದ 400 ಎಂಎಂ ಲೆನ್ಸಿಗೆ ಸೆಕೆಂಡಿನ 1/400 ಭಾಗವಾದರೂ ವೇಗ ಬೇಕೆಂಬುದು ವೃದ್ಧವಾಕ್ಯ. ನಸುಕಿನ ಬೆಳಕು 1/60ಕ್ಕೆ ಮೇಲೆ ಕೊಡಲು ಚೌಕಾಸಿ ಮಾಡುತ್ತದೆ. ಆಗ ಟ್ರೈಪಾಡಿನಂತೆಯೇ ಹಕ್ಕಿಯೂ ಕದಲದೆ ಕೂತು ಸಹಕರಿಸುತ್ತದೆ. ಎರಡು: ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ಒಪ್ಪಿಗೆ ಸೂಚಿಸುತ್ತದೆ. ಮೂರು: ಬುಡಬುಡಿಕೆಯವರು ಬೆಳಗಾಗುವ ಮೊದಲೇ ಹಾಲಕ್ಕಿಯ ನುಡಿ ಕೇಳಿ ಬಂದು, ಅದರ ಅಪ್ಪಣೆಯಿಲ್ಲದೆ ಮನೆಮನೆಗೆ ಹಂಚುತ್ತಿದ್ದರು. ಮಾತು ಒಯ್ದವರ ಮೇಲಿಲ್ಲದ ತಕರಾರು ಮೋರೆ ಒಯ್ಯುವವನ ಮೇಲೇಕೆ?

ಸಿದ್ಧಾಂತ: ಮೂರೂ ನಿಲ್ಲವು. ಗೂಬೆಯ ಕಣ್ಣು ಗುಂಡಗಿಲ್ಲ. ಕೊಳವೆಯಾಕಾರದ್ದು, ತಲೆಬುರುಡೆಯಲ್ಲಿ ಬಿಗಿದು ಕೂತದ್ದು, ಹೊರಳದು. ಅದಕ್ಕೇ ಕೊರಳಲ್ಲಿ ನಮಗಿರುವ 7 ಎಲುಬಿನ ಬದಲು 14 ಎಲುಬು, ತಲೆಗೆ 270 ಡಿಗ್ರಿ ತಿರುಗಾಟ. ತಲೆ ಏರಿಸಿ ಇಳಿಸುವುದು ಒಪ್ಪಿಗೆಯಲ್ಲ, ಎದುರಿಗಿರುವ ಪ್ರಾಣಿ ಎಷ್ಟು ದೂರದಲ್ಲಿದೆ ಎಂಬ ಅಳತೆ. ಅಂದಮೇಲೆ ಫೋಕಸ್ ಮೊದಲು ಆದದ್ದು ಮರದ ಮೇಲಿಂದ. ಕದಲದಿರುವುದೂ ಸಹಕಾರವಲ್ಲ, ತೊಗಟೆಯೊಡನೆ ತೊಗಟೆಯಾಗುವ ಉಪಾಯ. ಹೊತ್ತನ್ನು ಗೊತ್ತುಮಾಡಿದ್ದೂ ಹಕ್ಕಿಯೇ: ರಾತ್ರಿಯ ಬೇಟೆ ಮುಗಿಸಿ ಅದು ಮನೆಗೆ ಬರುವಾಗ ಈತ ಬಾಗಿಲಲ್ಲಿ ನಿಂತಿದ್ದಾನೆ. ಗಾಯಕ ಸವಾಯಿ ಗಂಧರ್ವರ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾವ ರಾಗಕ್ಕೆ ಯಾವ ಹೊತ್ತು ಎಂಬುದನ್ನು ಕೇಳುಗ ನಿರ್ಧರಿಸುವುದಿಲ್ಲ. ಬುಡಬುಡಿಕೆಯವರಾದರೋ ದೂರದಿಂದಲೇ ಕೇಳಿ ತಿರುಗಿ ಹೋದರು, ಪೊಟರೆಗೆ ಇಣುಕಲಿಲ್ಲ.

ಶಬ್ದಪ್ರಮಾಣ: ಮೆಣಸಿನಕಾಯಿ ಹೊಲಕ್ಕೆ ಹೊರಟಿದ್ದ ಒಬ್ಬ ಯಜ್ಜ ಟ್ರೈಪಾಡ್ ಕಂಡು, "ತಮ್ಮಾ, ಸರ್ವೆದಾವೇನು? ಮತ್ತ ಯಾರ ಹೊಲಾ ಹೊಂಟೈತಿ?" ಎಂದ. "ಇಲ್ರೀ ಯಜ್ಜಾ, ಹಾಲಕ್ಕಿ ಫೋಟೋ ತಗ್ಯಾಕ ಬಂದೇನ್ರಿ." "ಹಂಗಾರ ದೂರ ನಿಂದ್ರು. ರಾತ್ರಿಪಾಳಿ ಮುಗಿಸಿ ಬಂದೈತಿ, ಮಲಗಲಿ." ಅಳೆಯುವ ಯಂತ್ರ ಕಂಡರೆ ರೈತನಿಗೂ ಹಕ್ಕಿಗೂ ಹುಟ್ಟುವ ಅನುಮಾನ ಒಂದೇ ಜಾತಿಯದು ಎಂದು ಇದರಿಂದ ಸಿದ್ಧ.

ಪ್ರಯೋಜನ: ಚಿತ್ರಗಳು ಮೂರು ಬಗೆ. ಹಕ್ಕಿ ಅರೆಗಣ್ಣು ಮುಚ್ಚಿ ಎಳೆಬಿಸಿಲು ಕಾಯಿಸುತ್ತಿದ್ದರೆ ಉತ್ತಮ, ಈತನಿದ್ದರೂ ಇಲ್ಲದಂತಾದ. ತಲೆ ಏರಿಸಿ ಇಳಿಸುತ್ತಿದ್ದರೆ ಮಧ್ಯಮ. ಅಲ್ಲಿಂದಲೇ ಹಿಂದೆ ಸರಿಯತಕ್ಕದ್ದು. ಎರಡೂ ಕಣ್ಣು ಅಗಲಿಸಿ ಲೆನ್ಸನ್ನೇ ದಿಟ್ಟಿಸುತ್ತಿದ್ದರೆ ಅಧಮ. ಕೆಟ್ಟ ನಿದ್ದೆಯ ದಾಖಲೆ. ಫ್ಲ್ಯಾಷ್ ಹೊಡೆಯುವವರು, ಮೊಬೈಲಿನಲ್ಲಿ ಗೂಬೆಯ ಕೂಗು ಹಾಕಿ ಕರೆಯುವವರು, ಮರಿಯಿದ್ದಾಗ ಪೊಟರೆಗೆ ಇಣುಕುವವರು ಮೂರು ಬಗೆಗೂ ಹೊರಗು. ಅವರ ವಿಚಾರ ನೋಡಿಕೊಳ್ಳಲು ಶಾಸ್ತ್ರ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿದೆ.

ಆಕ್ಷೇಪ: ಸ್ಪರ್ಧೆಗಳಲ್ಲಿ ಬಹುಮಾನ ಬರುವುದು ಅಧಮಕ್ಕೇ ಅಲ್ಲವೇ?

ಸಮಾಧಾನ: ಹೌದು. ತೀರ್ಪುಗಾರರಲ್ಲಿ ಹಾಲಕ್ಕಿ ಇರುವುದಿಲ್ಲ.