ಹೊಸ ಸೇತುವೆಗೊಂದು ಸನ್ಮಾನ

ವೇದಿಕೆಯ ಮೇಲಿರುವ ಗಣ್ಯರೇ, ಕುರ್ಚಿ ಸಿಗದೆ ಮುನಿಸಿಕೊಂಡು ಕೆಳಗೆ ನಿಂತಿರುವ ಅತಿಗಣ್ಯರೇ, ಓಲ್ಡ್ ಟೌನಿನ ಮಹಾಜನರೇ, ಇಂದಿನ ಸನ್ಮಾನಿತರಾದ ಭದ್ರಾವತಿಯ ಹೊಸ ಸೇತುವೆಯವರೇ,

ತಮ್ಮ ಮೈಮೇಲೆ ಪಾಚಿ ಹಿಡಿದಿದೆ. ಆದರೂ ತಾವು 'ಹೊಸ ಸೇತುವೆ'. ಅತ್ತೆ ಗಟ್ಟಿಯಾಗಿರುವ ತನಕ ಸೊಸೆ ಹೊಸಬಳೇ ಅಲ್ಲವೆ? ಆ ಅತ್ತೆ, ಅಂದರೆ ಹಳೆ ಸೇತುವೆ, ಇವತ್ತೂ ಬೆನ್ನು ಬಾಗಿಸದೆ ನಿಂತಿದ್ದಾಳೆ.

ಓಲ್ಡ್ ಟೌನಿನಲ್ಲಿ ಹೊಯ್ಸಳರ ಕಾಲದಿಂದ ಕೂತಿರುವ ಲಕ್ಷ್ಮೀನರಸಿಂಹಸ್ವಾಮಿಗೆ ಅಭಿಷೇಕವಾಗಬೇಕಾದರೆ ಅರ್ಚಕರು ಬರಬೇಕು, ಮಂತ್ರ ಹೇಳಬೇಕು. ತಮಗೆ ಅದರ ರಗಳೆಯಿಲ್ಲ. ಲಕ್ಕವಳ್ಳಿ ಜಲಾಶಯದ ಮಟ್ಟ 186 ಅಡಿಯ ಹತ್ತಿರ ಬಂದು ಗೇಟು ಎತ್ತಿದರಾಯಿತು, ಸಾಕ್ಷಾತ್ ಭದ್ರೆಯೇ ತಮ್ಮ ನೆತ್ತಿಯ ಮೇಲೆ ಇಳಿಯುತ್ತಾಳೆ.

ನಮ್ಮದು 1923ರಿಂದ ಕಬ್ಬಿಣ ಕರಗಿಸಿದ ಊರು. ಆಮೇಲೆ ಸಿಮೆಂಟನ್ನೂ ಮಾಡಿದೆವು. ಕಾಂಕ್ರೀಟಿಗೆ ಬೇಕಾದದ್ದೆಲ್ಲ ಮನೆಯಲ್ಲೇ ಇತ್ತು. ಎತ್ತರವೊಂದನ್ನು ಮಾತ್ರ ಯಾವ ಕಾರ್ಖಾನೆಯೂ ತಯಾರಿಸಲಿಲ್ಲ.

ಸಂಪ್ರದಾಯದಂತೆ ಮೈಸೂರು ಪೇಟ ತಂದಿದ್ದೇವೆ, ತಲೆ ನೀರಿನೊಳಗಿದೆ. ಶಾಲು ಹೊದಿಸೋಣವೆಂದರೆ ಭುಜ ಕಾಣುತ್ತಿಲ್ಲ. ಹಾರವನ್ನಂತೂ ತಾವೇ ಹಾಕಿಕೊಳ್ಳುತ್ತೀರಿ: ನೀರಿಳಿದ ಬೆಳಿಗ್ಗೆ ಬಂದು ನೋಡಿದರೆ ಕಂಬಿಗೆ ಸುತ್ತಿಕೊಂಡ ಬಿದಿರುಮೆಳೆ, ಹರಿದ ಸೀರೆಯ ತುಂಡು, ಪ್ಲಾಸ್ಟಿಕ್ ಚೀಲ, ನಡುವೆ ಪದಕದ ಹಾಗೆ ಒಂಟಿ ಹವಾಯಿ ಚಪ್ಪಲಿ.

ತಮ್ಮ ಸೇವೆ ಸಣ್ಣದಲ್ಲ. ಮಳೆಗಾಲದಲ್ಲಿ ಈ ಊರು ನೀರಿನ ಲೆಕ್ಕವನ್ನು ಕ್ಯೂಸೆಕ್ಕಿನಲ್ಲಿ ಕೇಳುವುದಿಲ್ಲ. "ಸೇತುವೆ ಮುಳುಗ್ತಾ?" ಎಂದು ಕೇಳುತ್ತದೆ. ಹೌದೆಂದು ಕೇಳಿದ ಕೂಡಲೇ ಮೊಬೈಲು ಹಿಡಿದ ಹುಡುಗರು ಬ್ಯಾರಿಕೇಡಿನ ಕಡೆ ಓಡುತ್ತಾರೆ. ಅದೇ ಹೊತ್ತಿನಲ್ಲಿ ಹೊಳೆದಂಡೆಯ ಕವಲಗುಂದಿಯ ಹೆಂಗಸರು ಅಕ್ಕಿ ಡಬ್ಬ ಅಟ್ಟಕ್ಕೆ ಏರಿಸಿ, ರೇಷನ್ ಕಾರ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು, ಮಕ್ಕಳನ್ನು ಎತ್ತಿಕೊಂಡು ಹೊರಡುತ್ತಾರೆ. ಅವರಿಗೆ ತಾವು ಸೆಲ್ಫಿಯಲ್ಲ, ಎಚ್ಚರಿಕೆಯ ಗಂಟೆ.

ಆದ್ದರಿಂದ ಗಣ್ಯರಲ್ಲಿ ಒಂದೇ ವಿನಂತಿ. ಇನ್ನು ಮುಂದೆ ನದಿಗೆ ಸೇತುವೆ ಕಟ್ಟುವಾಗ ಬೇಸಿಗೆಯ ಭದ್ರೆಯನ್ನು ನೋಡಿ ಅಳತೆ ಹಾಕಬೇಡಿ. ಆಷಾಢದಲ್ಲೊಮ್ಮೆ ಬಂದು, ಕವಲಗುಂದಿಯ ಗೋಡೆಗಳ ಮೇಲೆ ಕೆಸರು ಎಲ್ಲಿಯವರೆಗೆ ಗೆರೆ ಎಳೆದಿದೆಯೋ ನೋಡಿಕೊಂಡು ಹೋಗಿ.

ವಂದನಾರ್ಪಣೆ ಇಲ್ಲ. ನೀರು ಏರುತ್ತಿದೆ. ಎಲ್ಲರೂ ದಯವಿಟ್ಟು ಹಳೆ ಸೇತುವೆಯ ಮೇಲೆ ಮನೆಗೆ ಹೋಗಿ.